ಕರೆಂಟು ಹೋದಾಗ ನೀರು ಎಲ್ಲಿ ನಿಲ್ಲುತ್ತದೆ: ಕಾರವಾರದ ನಮ್ಮ ಮನೆಯ ಜೋಡಿ ಹವಳದ ಟ್ಯಾಂಕುಗಳು

ನಮಸ್ಕಾರ. ನೀವು ಈಗ ನೋಡುತ್ತಿರುವುದು ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆ. ಪಡಸಾಲೆಯಲ್ಲಿ ಉಪ್ಪುನೀರಿನಲ್ಲಿ ಜೀವಂತ ಹವಳ ಸಾಕುವ ನಾಲ್ಕು ಅಡಿ ಉದ್ದದ ಒಂದು ಗಾಜಿನ ಟ್ಯಾಂಕ್ ಇದೆ, ಗೋಡೆಯ ಆಚೆ ಓದುವ ಕೋಣೆಯಲ್ಲಿ ಮೂರು ಅಡಿಯ ಇನ್ನೊಂದಿದೆ. ಎರಡರ ನೀರೂ ದೊಡ್ಡ ಟ್ಯಾಂಕಿನ ಸ್ಟ್ಯಾಂಡಿನೊಳಗಿರುವ ಒಂದೇ ಸಂಪ್‌ಗೆ ಇಳಿದು, ಅಲ್ಲಿಂದ ಪಂಪಿನ ಮೂಲಕ ಮತ್ತೆ ಮೇಲೇರುತ್ತದೆ. ಇದು ಮೇ ತಿಂಗಳ ಕೊನೆಯ ವಾರ. ಊರಿನವರು ಹಂಚು ಕೈಯಾಡಿಸಿ, ಸೌದೆ ಒಳಗೆ ಹಾಕಿ ಮಳೆಗೆ ಸಿದ್ಧರಾಗುವ ಹೊತ್ತಿನಲ್ಲಿ ನಾನು ಪ್ರತಿ ವರ್ಷವೂ ಈ ಪೈಪುಗಳನ್ನು ಪರೀಕ್ಷಿಸುತ್ತೇನೆ. ಮಳೆ ಹಿಡಿದ ಮೇಲೆ ಕರೆಂಟು ಯಾವ ಹೊತ್ತಿಗೆ ಹೋಗುತ್ತದೆ, ಎಷ್ಟು ತಾಸು ಬರುವುದಿಲ್ಲ ಎಂಬುದು ನಮ್ಮ ಕೈಯಲ್ಲಿಲ್ಲ. ಪಂಪು ಓಡುತ್ತಿರುವಾಗ ಯಾವ ಜೋಡಣೆಯೂ ಚೆನ್ನಾಗಿಯೇ ಕಾಣುತ್ತದೆ. ಪಂಪು ನಿಂತ ಮೇಲೆ ನೀರು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬ ಲೆಕ್ಕದಿಂದಲೇ ಪೈಪಿನ ಕೆಲಸ ಆರಂಭವಾಗಬೇಕು.

ಇದನ್ನು ನಾನು ನಷ್ಟ ಮಾಡಿಕೊಂಡೇ ಕಲಿತೆ. ಮೊದಲ ಸಲ ಈ ಎರಡು ಟ್ಯಾಂಕುಗಳನ್ನು ಪಡಸಾಲೆಯಲ್ಲೇ ಅಕ್ಕಪಕ್ಕ ಇಟ್ಟಿದ್ದೆ. ಚಿಕ್ಕದರ ಗಾಜಿಗೆ ಮಾತ್ರ ತೂತು ಇತ್ತು, ದೊಡ್ಡದಕ್ಕೆ ಕೊರೆಯಲು ಧೈರ್ಯ ಬರಲಿಲ್ಲ. ಹಾಗಾಗಿ ಎರಡರ ಅಂಚಿನ ಮೇಲೆ ಸೇತುವೆಯಂತೆ ಬಗ್ಗಿಸಿದ ಒಂದು ಪೈಪನ್ನು ಕೂರಿಸಿ, ಪಂಪಿನ ನೀರು ದೊಡ್ಡದಕ್ಕೆ ಬಂದು, ಸೈಫನ್ ಆಗಿ, ಅಂದರೆ ಅಂಚು ಹತ್ತಿ ಇಳಿಯುವ ತುಂಬಿದ ಪೈಪಿನಲ್ಲಿ ತನ್ನ ಭಾರಕ್ಕೇ ಎಳೆದುಕೊಂಡು, ಚಿಕ್ಕದಕ್ಕೆ ದಾಟಿ, ಅಲ್ಲಿಂದ ಸಂಪ್‌ಗೆ ಇಳಿಯುವಂತೆ ಮಾಡಿದ್ದೆ. ಮೂರು ವಾರ ಅದು ಸದ್ದಿಲ್ಲದೆ ನಡೆಯಿತು. ಆ ಮೂರು ವಾರವೂ ನೀರಿನಲ್ಲಿದ್ದ ಸಣ್ಣ ಸಣ್ಣ ಗುಳ್ಳೆಗಳು ಪೈಪಿನ ನೆತ್ತಿಯಲ್ಲಿ ಒಂದೊಂದಾಗಿ ಸೇರಿಕೊಳ್ಳುತ್ತಿದ್ದವು. ಜೂನ್ ತಿಂಗಳ ಒಂದು ರಾತ್ರಿ ಆ ಗಾಳಿ ನೀರಿನ ಎಳೆಯನ್ನು ಕಡಿಯಿತು. ಸೇತುವೆ ನಿಂತಿತು, ಪಂಪು ನಿಲ್ಲಲಿಲ್ಲ. ದೊಡ್ಡ ಟ್ಯಾಂಕ್ ತುಂಬಿ ಹೊರಚೆಲ್ಲಿತು. ಸಂಪ್‌ನಲ್ಲಿ ನೀರು ಇಳಿದದ್ದನ್ನು ಕಂಡ ಫ್ಲೋಟ್ ಸ್ವಿಚ್, ಆವಿಯಾಗಿ ಹೋಯಿತೆಂದು ತಿಳಿದು, ಪಕ್ಕದ ಕ್ಯಾನಿನಲ್ಲಿದ್ದ 25 ಲೀಟರ್ ಸಿಹಿನೀರನ್ನೂ ಸುರಿಯಿತು. ಅದೂ ಮೇಲೇರಿ ನೆಲಕ್ಕೆ ಬಿತ್ತು. ಬೆಳಿಗ್ಗೆ ಎದ್ದು ನೋಡಿದಾಗ ಒಟ್ಟು 45 ಲೀಟರಿನಷ್ಟು ನೀರು ಪಡಸಾಲೆಯಲ್ಲಿತ್ತು, ಪಂಪು ಒಣಗಿ ಓಡಿ ಬಿಸಿಯಾಗಿತ್ತು, ಲೀಟರಿಗೆ 35 ಗ್ರಾಂ ಇರಬೇಕಾದ ಉಪ್ಪಿನ ಅಂಶ ಸುಮಾರು 33.5ಕ್ಕೆ ಇಳಿದಿತ್ತು. ಹವಳಗಳು ಎರಡು ದಿನ ಬಾಯಿ ತೆರೆಯಲಿಲ್ಲ.

ಶಿರಸಿಯ ಅಪ್ಪನಿಗೆ ಫೋನಿನಲ್ಲಿ ಇದನ್ನು ಹೇಳಿದಾಗ ಅವರು ಆಡಿದ ಮೊದಲ ಮಾತು, "ಪೈಪಿಗೆ ಗಾಳಿ ಹಿಡದ್ದು, ತಮಾ." ನಮ್ಮ ತೋಟಕ್ಕೆ ಗುಡ್ಡದ ಅಬ್ಬಿಯಿಂದ ನೀರು ಬರುತ್ತದೆ. ಹಿಂದೆ ಸೀಳಿದ ಅಡಿಕೆ ಮರದ ದಬ್ಬೆಯಲ್ಲಿ ಬರುತ್ತಿದ್ದದ್ದು ಈಗ ಕಪ್ಪು ಪೈಪಿನಲ್ಲಿ ಬರುತ್ತದೆ. ದಬ್ಬೆ ಮೇಲ್ಗಡೆ ತೆರೆದಿರುವುದರಿಂದ ಅದಕ್ಕೆ ಗಾಳಿಯ ಕಾಟವಿಲ್ಲ. ಪೈಪು ಒಂದು ದಿಬ್ಬ ಹತ್ತಿ ಇಳಿದರೆ ಆ ದಿಬ್ಬದ ನೆತ್ತಿಯಲ್ಲಿ ಗಾಳಿ ಕೂತು ನೀರು ನಿಲ್ಲುತ್ತದೆ, ಅಪ್ಪ ಹೋಗಿ ಅಲ್ಲಿನ ಜಾಯಿಂಟು ಬಿಚ್ಚಿ ಗಾಳಿ ಬಿಟ್ಟು ಬರುತ್ತಾರೆ. ಚಿಕ್ಕವನಿದ್ದಾಗ ಅವರ ಹಿಂದೆ ಎಷ್ಟೋ ಸಲ ಹೋಗಿದ್ದ ನನಗೆ ನನ್ನದೇ ಮನೆಯೊಳಗೆ ಅದೇ ದಿಬ್ಬವನ್ನು ಕಟ್ಟಿದ್ದು ಗೊತ್ತಾಗಲಿಲ್ಲ. ಅಂದಿನಿಂದ ಇಳಿಯುವ ಪೈಪು ಎಲ್ಲಿಯೂ ಮತ್ತೆ ಮೇಲೇರಬಾರದು ಎಂಬುದನ್ನು ನಿಯಮ ಮಾಡಿಕೊಂಡಿದ್ದೇನೆ.

ಈಗಿನ ಜೋಡಣೆಯಲ್ಲಿ ಒಂದು ಟ್ಯಾಂಕಿನ ನೀರು ಇನ್ನೊಂದಕ್ಕೆ ಹೋಗುವುದೇ ಇಲ್ಲ. ಪ್ರತಿ ಟ್ಯಾಂಕಿಗೂ ಮಟ್ಟ ಮೀರಿದ ನೀರು ಬೀಳುವ ತನ್ನದೇ ಓವರ್‌ಫ್ಲೋ ಪೆಟ್ಟಿಗೆ, ತನ್ನವೇ ಎರಡು ಇಳಿಪೈಪುಗಳು. ಪರದೆಯ ಮೇಲೆ ಈಗ ಆ ಪೆಟ್ಟಿಗೆಯ ಒಳಭಾಗ ಕಾಣುತ್ತಿದೆ. ತಗ್ಗಿನಲ್ಲಿರುವ ಪೈಪಿನ ಬಾಯಿ ಪೂರ್ತಿ ನೀರಿನಲ್ಲಿ ಮುಳುಗಿರುವುದರಿಂದ ಅದರೊಳಗೆ ಗಾಳಿ ಹೋಗುವುದಿಲ್ಲ, ಗೊಳಗೊಳ ಸದ್ದೂ ಬರುವುದಿಲ್ಲ. ಅದಕ್ಕಿಂತ ಎತ್ತರದಲ್ಲಿ ಬಾಯಿ ಇರುವ ಎರಡನೆಯ ಪೈಪು ಬಹುತೇಕ ಖಾಲಿಯಾಗಿಯೇ ಇರುತ್ತದೆ. ಮೊದಲನೆಯದರಲ್ಲಿ ಬಸವನಹುಳು ಸಿಕ್ಕಿಕೊಂಡರೆ ನೀರು ಏರಿ ಇದರಲ್ಲಿ ಇಳಿಯುತ್ತದೆ. ಅದರ ಸದ್ದು ಕೇಳಿದರೆ ಮೊದಲನೆಯದು ಕಟ್ಟಿದೆ ಎಂದು ಅರ್ಥ. ಮೊದಲ ಪೈಪಿನ ಕೆಳಗೆ ಗೇಟ್ ವಾಲ್ವ್ ಇದೆ. ಬಾಲ್ ವಾಲ್ವ್ ಕಾಲು ಸುತ್ತಿಗೇ ಮುಚ್ಚಿಹೋಗುವುದರಿಂದ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಮಾಡಲು ಬರುವುದಿಲ್ಲ, ಗೇಟ್ ವಾಲ್ವ್ ಹಲವು ಸುತ್ತು ತಿರುಗುತ್ತದೆ. ಆದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಗೇಟ್ ವಾಲ್ವ್ ಕೇಳಿದರೆ ಹಿತ್ತಾಳೆಯದನ್ನೇ ಕೊಡುತ್ತಾರೆ. ಹಿತ್ತಾಳೆಯಲ್ಲಿ ತಾಮ್ರವಿದೆ, ಉಪ್ಪುನೀರಿಗೆ ಅದು ಕರಗುತ್ತದೆ, ಹವಳಕ್ಕೂ ಸಿಗಡಿಗೂ ತಾಮ್ರ ವಿಷ. ಪ್ಲಾಸ್ಟಿಕ್ಕಿನದು ಬರುವವರೆಗೆ ನಾನು ಕೆಲಸ ನಿಲ್ಲಿಸಿ ಕಾದೆ, ನೀವೂ ದಯವಿಟ್ಟು ಕಾಯಿರಿ.

ಮೇಲೇರುವ ದಾರಿಗೆ ಬರೋಣ. ಪಂಪಿನ ಪೆಟ್ಟಿಗೆಯ ಮೇಲೆ ಗಂಟೆಗೆ 6000 ಲೀಟರ್ ಎಂದು ಬರೆದಿದೆ. ಅದು ನೀರನ್ನು ಮೇಲೆತ್ತುವ ಶ್ರಮವೇ ಇಲ್ಲದಾಗಿನ ಲೆಕ್ಕ. ನಮ್ಮಲ್ಲಿ ಪೈಪಿನ ತುದಿಯನ್ನು ಟ್ಯಾಂಕಿನ ಎತ್ತರದಲ್ಲೇ ಹಿಡಿದು 20 ಲೀಟರಿನ ಬಕೆಟ್ ತುಂಬಿಸಿ ನೋಡಿದಾಗ 20 ಸೆಕೆಂಡು ಬೇಕಾಯಿತು, ಅಂದರೆ ಗಂಟೆಗೆ 3600 ಲೀಟರ್. ಪಂಪಿನ ಮೇಲೆ ಪೈಪು ಕವಲೊಡೆದು ಎರಡೂ ಟ್ಯಾಂಕಿಗೆ ಹೋಗುತ್ತದೆ. ನೀರು ಸುಲಭದ ದಾರಿಯನ್ನೇ ಹಿಡಿಯುವುದರಿಂದ ಹತ್ತಿರದ ಟ್ಯಾಂಕಿನ ಕವಲನ್ನು ವಾಲ್ವಿನಿಂದ ಸ್ವಲ್ಪ ಬಿಗಿ ಮಾಡದಿದ್ದರೆ ದೂರದ್ದಕ್ಕೆ ಸಾಕಷ್ಟು ನೀರು ತಲುಪುವುದಿಲ್ಲ.

ಕರೆಂಟು ಹೋದಾಗ ಈ ಏರುಪೈಪೇ ಹಿಮ್ಮುಖವಾಗಿ ಸೈಫನ್ ಆಗಿ, ತನ್ನ ಬಾಯಿ ನೀರಿನಿಂದ ಹೊರಬರುವವರೆಗೂ ಟ್ಯಾಂಕಿನ ನೀರನ್ನು ಕೆಳಗೆ ಎಳೆಯುತ್ತದೆ. ಆದ್ದರಿಂದ ಆ ಬಾಯಿಯನ್ನು ನೀರಿನ ಮಟ್ಟಕ್ಕಿಂತ 2.5 ಸೆಂಟಿಮೀಟರ್ ಮಾತ್ರ ಕೆಳಗಿಟ್ಟಿದ್ದೇನೆ. ದೊಡ್ಡ ಟ್ಯಾಂಕ್ 120 ಸೆಂಟಿಮೀಟರ್ ಉದ್ದ, 60 ಅಗಲ. ಅಷ್ಟು ಎತ್ತರದ ನೀರು ಎಂದರೆ 18 ಲೀಟರ್. ಚಿಕ್ಕದು 90ಕ್ಕೆ 45. ಅದರಿಂದ 10 ಲೀಟರ್. ಪೈಪುಗಳಲ್ಲಿ ಇರುವ ನಾಲ್ಕು ಲೀಟರ್ ಸೇರಿಸಿದರೆ 32. ಸಂಪ್ ಕೂಡ 90ಕ್ಕೆ 45, ಎತ್ತರ 45. ನಾನು ಅದರಲ್ಲಿ ನೀರನ್ನು 22 ಸೆಂಟಿಮೀಟರಿಗೆ ನಿಲ್ಲಿಸುತ್ತೇನೆ. 32 ಲೀಟರ್ ಬಂದರೆ ಅದು ಎಂಟು ಸೆಂಟಿಮೀಟರಿನಷ್ಟು ಏರುತ್ತದೆ, ಆಮೇಲೂ 15 ಸೆಂಟಿಮೀಟರ್ ಖಾಲಿ ಉಳಿಯುತ್ತದೆ. "ಎನ್‌ಆರ್‌ವಿ ಹಾಕಿದರೆ ಮುಗಿಯಿತಲ್ಲ ಸರ್, ಇಷ್ಟೆಲ್ಲ ಲೆಕ್ಕ ಏಕೆ" ಎಂದು ಪ್ಲಂಬರ್ ಕೇಳಿದರು. ಎನ್‌ಆರ್‌ವಿ ಎಂದರೆ ನೀರನ್ನು ಒಂದೇ ದಿಕ್ಕಿಗೆ ಬಿಡುವ ವಾಲ್ವ್. ಸಿಹಿನೀರಿನ ಲೈನಿಗೆ ಅವರ ಮಾತು ಸರಿ. ಹವಳ ಬೆಳೆಯುವ ನೀರಿನಲ್ಲಿ ಸುಣ್ಣದ ಅಂಶ ಹೆಚ್ಚು. ಎನ್‌ಆರ್‌ವಿಯ ಒಳಗಿನ ಮುಚ್ಚಳದ ಮೇಲೂ ಸುಣ್ಣ ಕಟ್ಟುತ್ತದೆ, ಕೊಳವೆಹುಳುಗಳು ಮನೆ ಮಾಡುತ್ತವೆ, ಕೆಲವೇ ತಿಂಗಳಲ್ಲಿ ಅದು ಪೂರ್ತಿ ಮುಚ್ಚುವುದಿಲ್ಲ. ಅಲ್ಲದೆ ಕವಲಿನ ಕೆಳಗೆ ಎನ್‌ಆರ್‌ವಿ ಮುಚ್ಚಿಕೊಂಡರೂ ಎತ್ತರದ ಟ್ಯಾಂಕಿನ ನೀರು ಕವಲಿನ ಮೂಲಕವೇ ತಗ್ಗಿನ ಟ್ಯಾಂಕಿಗೆ ಹರಿಯುತ್ತದೆ. ಎನ್‌ಆರ್‌ವಿಯ ಬದಲು ಪ್ರತಿ ಕವಲಿನಲ್ಲಿ ನೀರಿನ ಮಟ್ಟದ ಸ್ವಲ್ಪವೇ ಕೆಳಗೆ ಆರು ಮಿಲಿಮೀಟರಿನ ಒಂದು ತೂತು ಕೊರೆದಿದ್ದೇನೆ. ಮಟ್ಟ ಇಳಿದ ಕೂಡಲೇ ಗಾಳಿ ಒಳಹೊಕ್ಕು ಸೈಫನ್ ಕಡಿಯುತ್ತದೆ. ಅದಕ್ಕೂ ಪಾಚಿ ಕಟ್ಟುವುದರಿಂದ ಪ್ರತಿ ಭಾನುವಾರ ಹಲ್ಲುಕಡ್ಡಿಯಿಂದ ಚುಚ್ಚಿ ನೋಡುತ್ತೇನೆ, ಆದರೂ 32 ಲೀಟರಿನ ಲೆಕ್ಕವನ್ನು ಆ ತೂತು ಇಲ್ಲವೆಂದೇ ಹಾಕಿದ್ದು.

ನಡುವಿನ ಗೋಡೆ ಚಿರೇಕಲ್ಲಿನದು. ಕೊರೆಯುವುದು ಸುಲಭ, ಆದರೆ ಅದು ನೀರು ಕುಡಿಯುವ ಕಲ್ಲು. ಒಮ್ಮೆ ಉಪ್ಪು ಹೊಕ್ಕರೆ ಗಾರೆ ವರ್ಷಗಟ್ಟಲೆ ಉದುರುತ್ತದೆ. ಹೀಗಾಗಿ ಗೋಡೆಯಲ್ಲಿ ನಾಲ್ಕು ಇಂಚಿನ ಪೈಪಿನ ತುಂಡೊಂದನ್ನು ಮೊದಲು ಕೂರಿಸಿ, ಒಂದೂವರೆ ಇಂಚಿನ ಎರಡು ಇಳಿಪೈಪು ಮತ್ತು ಒಂದು ಇಂಚಿನ ಏರುಪೈಪನ್ನು ಅದರೊಳಗೆ ಹಾಯಿಸಿದ್ದೇನೆ. ಗೋಡೆಯೊಳಗೆ ಒಂದೂ ಜಾಯಿಂಟ್ ಇಲ್ಲ. ಸಂಪ್ ಕಡೆಗೆ ಮೀಟರಿಗೆ ಎರಡು ಸೆಂಟಿಮೀಟರ್ ಇಳಿಜಾರಿದೆ, ತಿರುವುಗಳಲ್ಲಿ 90 ಡಿಗ್ರಿಯ ಒಂದು ಎಲ್ಬೋ ಬದಲು 45ರ ಎರಡನ್ನು ಹಾಕಿದ್ದೇನೆ. ಪಂಪಿನ ಹತ್ತಿರ ಯೂನಿಯನ್, ಅಂದರೆ ತಿರುಗಿಸಿ ಬಿಚ್ಚಬಹುದಾದ ಜಾಯಿಂಟ್, ಇರುವುದರಿಂದ ಪೈಪು ಕತ್ತರಿಸದೆ ಪಂಪನ್ನು ಬಿಚ್ಚಿ ವಿನೆಗರ್‌ನಲ್ಲಿ ನೆನೆಸಿ ಸುಣ್ಣ ತೆಗೆಯಬಹುದು. ಅಂಟಿಸಿದ ಜಾಯಿಂಟುಗಳನ್ನು ಒಂದು ಇಡೀ ದಿನ ಮುಟ್ಟಲಿಲ್ಲ, ಆಮೇಲೆ ಎರಡು ದಿನ ಬರೀ ಸಿಹಿನೀರು ಓಡಿಸಿ, ಕೆಳಗೆ ಹಳೆಯ ಪತ್ರಿಕೆ ಹಾಸಿ, ಎಲ್ಲಿಯಾದರೂ ಹನಿಯ ಗುರುತು ಇದೆಯೇ ಎಂದು ನೋಡಿದೆ.

ಸಮುದ್ರ ಇಷ್ಟು ಹತ್ತಿರ ಇರುವಾಗ ಉಪ್ಪನ್ನು ಕೊಂಡು ನೀರು ಕಲಸುವುದೇಕೆ ಎಂದು ಮನೆಗೆ ಬಂದವರೆಲ್ಲ ಕೇಳುತ್ತಾರೆ. ಕಾಳಿ ನದಿ ಇಲ್ಲಿಯೇ ಕಡಲು ಸೇರುತ್ತದೆ. ಮಳೆಗಾಲದಲ್ಲಿ ದಡದ ನೀರು ಸಪ್ಪೆಯಾಗಿ, ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ನೇತ್ರಾಣಿಯ ಹವಳಗಳನ್ನು ನೀರಿನೊಳಗೆ ನೋಡಿ ಬಂದಿದ್ದೇನೆ, ಅಲ್ಲಿಂದ ಒಂದು ಚೂರನ್ನೂ ತಂದಿಲ್ಲ. ಕಲ್ಲು ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ, ಸಮುದ್ರದಿಂದ ಅವನ್ನು ಕೀಳುವುದು ಅಪರಾಧ. ನಮ್ಮಲ್ಲಿರುವುದು ಇನ್ನೊಬ್ಬ ಹವ್ಯಾಸಿಯ ಟ್ಯಾಂಕಿನಲ್ಲಿ ಬೆಳೆದ ಮೆದು ಹವಳಗಳ ತುಂಡುಗಳು ಮತ್ತು ಹ್ಯಾಚರಿಯಲ್ಲಿ ಮರಿ ಮಾಡಿಸಿದ ಕ್ಲೌನ್ ಮೀನುಗಳು.

ನೀರು ಒಂದೇ ಆದಾಗ ಉಪ್ಪು, ಶಾಖ, ಸುಣ್ಣ ಎಲ್ಲವೂ ಎರಡೂ ಕಡೆ ಸಮನಾಗಿರುತ್ತವೆ. ರೋಗವೂ ಹಾಗೆಯೇ ಎರಡೂ ಕಡೆ ಹೋಗುತ್ತದೆ. ಹೊಸ ಮೀನನ್ನು ಇಡುವ ಮೂರನೆಯ ಚಿಕ್ಕ ಟ್ಯಾಂಕನ್ನು ನಾನು ಈ ಪೈಪಿಗೆ ಎಂದಿಗೂ ಸೇರಿಸುವುದಿಲ್ಲ, ಅದರ ಬಲೆ ಮತ್ತು ಬಕೆಟ್ ಕೂಡ ಬೇರೆಯೇ.

ಈಗ ಸ್ವಿಚ್ ಆರಿಸುತ್ತಿದ್ದೇನೆ. ಪಂಪಿನ ಗುಂಯ್ ನಿಂತಿತು. ಸಂಪ್‌ನ ಗಾಜಿನ ಮೇಲೆ ಕಳೆದ ವರ್ಷ ಅಂಟಿಸಿದ ನೀಲಿ ಟೇಪನ್ನು ನೋಡುತ್ತಿರಿ. ನೀರು ಏರುತ್ತಿದೆ. ಎರಡೂ ಟ್ಯಾಂಕಿನ ಮೂಲೆಗಳಲ್ಲಿ ಸುರ್ ಎಂಬ ಸದ್ದು ಕೇಳಿಸಿತಲ್ಲ, ತೂತುಗಳಿಗೆ ಗಾಳಿ ಹೊಕ್ಕಿತು. ನೀರು ಟೇಪಿಗಿಂತ ಎರಡು ಬೆರಳು ಕೆಳಗೆ ನಿಂತಿದೆ. ಮತ್ತೆ ಸ್ವಿಚ್ ಹಾಕಿದ್ದೇನೆ. ಇಳಿಪೈಪುಗಳು ತಮ್ಮೊಳಗಿನ ಗಾಳಿಯನ್ನು ಹೊರಗೆ ಉಗುಳುತ್ತಿವೆ, ಒಂದು ನಿಮಿಷ ಈ ಗಲಾಟೆ ಇರುತ್ತದೆ. ಪಡಸಾಲೆಯದು ಮೌನವಾಯಿತು. ಓದುವ ಕೋಣೆಯದು ಇನ್ನೂ ಗೊಳಗೊಳ ಎನ್ನುತ್ತಿದೆ, ಅದರ ಗೇಟ್ ವಾಲ್ವನ್ನು ಕಾಲು ಸುತ್ತು ಬಿಗಿ ಮಾಡಿ ಬರುತ್ತೇನೆ.