ಟ್ರಿಪೋಲಿ ಬಂದರಿನ 25 ನಿಮಿಷ

ಕೇಳುಗರಿಗೆಲ್ಲ ನಮಸ್ಕಾರ.

ಹಾಯಿ ಹಡಗುಗಳ ಕಾಲದಲ್ಲಿ ಸಾಹಸದ ದಾಳಿಗಳಿಗೆ ಬರವಿರಲಿಲ್ಲ. ಅವುಗಳಲ್ಲಿ ಒಂದೇ ಒಂದು ರಾತ್ರಿಯ ಕಥೆಯನ್ನು ಇವತ್ತು ಹೇಳುತ್ತೇನೆ. ಅದು 1804ರ ಫೆಬ್ರವರಿ 16. ಜಾಗ ಈಗಿನ ಲಿಬಿಯಾದ ಟ್ರಿಪೋಲಿ ಬಂದರು. ಅಮೆರಿಕದ ನಾವಿಕರು ಶತ್ರುವಿನ ಕೈಯಲ್ಲಿದ್ದ ತಮ್ಮದೇ ಹಡಗನ್ನು ಹತ್ತಿ, ಬೆಂಕಿ ಇಟ್ಟು, ಇಳಿದು ಹೊರಟದ್ದು ಎಲ್ಲ ಸೇರಿ ಹೆಚ್ಚೆಂದರೆ 25 ನಿಮಿಷ. ಎಲ್ಲರೂ ಹಾಡಿ ಹೊಗಳುವುದು ಆ 25 ನಿಮಿಷವನ್ನೇ. ನನಗೆ ಮಾತ್ರ ಅದರ ಹಿಂದಿನ ಎರಡು ವಾರಗಳೇ ದೊಡ್ಡದು ಅನ್ನಿಸುತ್ತದೆ.

ಮೊದಲು ಜಗಳ ಏನು ಅಂತ ಚುಟುಕಾಗಿ ಹೇಳಿಬಿಡುತ್ತೇನೆ. ಟ್ರಿಪೋಲಿಯ ದೊರೆ ಯೂಸುಫ್ ಕರಮಾನ್ಲಿ. ಜನ ಅವನನ್ನು ಪಾಷಾ ಎನ್ನುತ್ತಿದ್ದರು. ಮೆಡಿಟರೇನಿಯನ್ ಸಮುದ್ರದಲ್ಲಿ ಓಡಾಡುವ ವ್ಯಾಪಾರಿ ಹಡಗುಗಳು ಸುರಕ್ಷಿತವಾಗಿರಬೇಕಾದರೆ ಅವನಿಗೆ ಕಪ್ಪ ಕೊಡಬೇಕಿತ್ತು. ಯುರೋಪಿನ ದೊಡ್ಡ ದೊಡ್ಡ ರಾಜರೂ ಕೊಡುತ್ತಿದ್ದರು. ಅಮೆರಿಕ ಆಗಿನ್ನೂ ಹೊಸ ದೇಶ. ಪಾಷಾ ಕಪ್ಪ ಜಾಸ್ತಿ ಕೇಳಿದ, ಅವರು ಕೊಡಲಿಲ್ಲ. 1801ರ ಮೇ ತಿಂಗಳಲ್ಲಿ ಪಾಷಾನ ಜನ ಅಮೆರಿಕದ ಕಾನ್ಸುಲ್, ಅಂದರೆ ಆ ದೇಶದ ಪ್ರತಿನಿಧಿಯ ಕಚೇರಿಗೆ ಹೋಗಿ ಬಾವುಟದ ಕಂಬ ಕಡಿದು ಕೆಡವಿದರು. ಅಲ್ಲಿ ಯುದ್ಧ ಸಾರುವ ರೀತಿಯೇ ಅದು.

ಎರಡು ವರ್ಷ ಯುದ್ಧ ಸುಮ್ನೆ ಎಳೆದಾಡಿತು. 1803ರ ಅಕ್ಟೋಬರ್ 31ರಂದು ಅಮೆರಿಕದ ‘ಫಿಲಡೆಲ್ಫಿಯಾ’ ಎಂಬ 36 ಫಿರಂಗಿಗಳ ಯುದ್ಧನೌಕೆ ಒಂದು ಟ್ರಿಪೋಲಿ ಹಡಗನ್ನು ಬೆನ್ನಟ್ಟಿ ದಂಡೆಯ ಹತ್ತಿರ ಬಂತು. ನಕ್ಷೆಯಲ್ಲಿ ಇಲ್ಲದ ಬಂಡೆಸಾಲಿನ ಮೇಲೆ ಹತ್ತಿ ಕೂತಿತು. ಕ್ಯಾಪ್ಟನ್ ವಿಲಿಯಂ ಬೇನ್‌ಬ್ರಿಜ್ ಮಾಡದ ಪ್ರಯತ್ನವಿಲ್ಲ. ಭಾರ ಇಳಿಯಲಿ ಅಂತ ಫಿರಂಗಿಗಳನ್ನು ನೀರಿಗೆ ತಳ್ಳಿಸಿದ. ಹಾಯಿ ಕಟ್ಟುವ ಮುಂದಿನ ಕೂವೆಮರವನ್ನೇ ಕಡಿಸಿದ. ಹಡಗು ಅಲುಗಲಿಲ್ಲ. ಕೊನೆಗೆ ತಳಕ್ಕೆ ತೂತು ಕೊರೆಸಿ ಶರಣಾದ. 307 ಜನ ಸೆರೆಯಾದರು. ಎರಡು ದಿನ ಕಳೆದ ಮೇಲೆ ಗಾಳಿ ಎದ್ದು ನೀರು ಏರಿತು. ಅದೇ ಹಡಗನ್ನು ಟ್ರಿಪೋಲಿಯವರು ತೇಲಿಸಿ, ನೀರಿನಲ್ಲಿದ್ದ ಫಿರಂಗಿಗಳನ್ನೂ ಎತ್ತಿಕೊಂಡು, ತಮ್ಮ ಕೋಟೆಯ ಕೆಳಗೆ ತಂದು ಕಟ್ಟಿದರು! ಬೇನ್‌ಬ್ರಿಜ್ ಸೆರೆಯಲ್ಲಿ ಕೂತು ಅದನ್ನು ನೋಡಬೇಕಾಯಿತು.

ಅಮೆರಿಕದ ಪಡೆಯ ಮುಖ್ಯಸ್ಥ ಎಡ್ವರ್ಡ್ ಪ್ರೆಬಲ್‌ಗೆ ಇದು ದೊಡ್ಡ ಪೆಟ್ಟು. ಆ ಸಮುದ್ರದಲ್ಲಿ ಅವನ ಹತ್ತಿರ ಇದ್ದದ್ದೇ ಎರಡು ದೊಡ್ಡ ಹಡಗು. ಒಂದು ‘ಕಾನ್ಸ್ಟಿಟ್ಯೂಷನ್’, ಇನ್ನೊಂದು ಈಗ ಶತ್ರುವಿನ ಮನೆ ಸೇರಿತ್ತು. ಅದನ್ನು ಸುಟ್ಟುಬಿಡಿ ಎಂಬ ಸಲಹೆ ಬಂದದ್ದು ಸೆರೆಮನೆಯಿಂದಲೇ. ಬೇನ್‌ಬ್ರಿಜ್ ಪ್ರೆಬಲ್‌ಗೆ ಪತ್ರ ಬರೆಯುತ್ತಿದ್ದ. ಮೇಲೆ ಮಾಮೂಲಿ ಶಾಯಿಯ ಸಾಲುಗಳು, ನಡುವೆ ನಿಂಬೆರಸದಲ್ಲಿ ಬರೆದ ಸಾಲುಗಳು. ಕಾಗದವನ್ನು ಬಿಸಿ ಮಾಡಿದರೆ ಆ ಅಕ್ಷರ ಮೂಡುತ್ತಿದ್ದವು. ಟ್ರಿಪೋಲಿಯಲ್ಲಿದ್ದ ಡೆನ್ಮಾರ್ಕಿನ ಕಾನ್ಸುಲ್ ನಿಸ್ಸೆನ್ ಎಂಬ ಒಳ್ಳೆಯ ಮನುಷ್ಯ ಆ ಪತ್ರಗಳನ್ನು ದಾಟಿಸುತ್ತಿದ್ದ.

ಕೆಲಸಕ್ಕೆ ಮುಂದೆ ಬಂದವನು ಪ್ರೆಬಲ್‌ನ ಪಡೆಯ ಅಧಿಕಾರಿ ಸ್ಟೀಫನ್ ಡಿಕೇಟರ್. ವಯಸ್ಸು 25. ಇಲ್ಲೊಂದು ವಿಚಿತ್ರ ಇದೆ. ಫಿಲಡೆಲ್ಫಿಯಾ ನಗರದ ಜನ ಚಂದಾ ಎತ್ತಿ ಕಟ್ಟಿಸಿದ್ದ ಆ ಹಡಗಿಗೆ ಮೊದಲ ಕ್ಯಾಪ್ಟನ್ ಆಗಿದ್ದವನು ಇವನ ಅಪ್ಪ. ಅಪ್ಪ ನಡೆಸಿದ ಹಡಗಿಗೆ ಬೆಂಕಿ ಇಡಲು ಮಗ ಹೊರಟ.

ಹೊರಟದ್ದು ಯುದ್ಧನೌಕೆಯಲ್ಲಲ್ಲ. ಹಿಂದಿನ ಡಿಸೆಂಬರ್‌ನಲ್ಲಿ ಟ್ರಿಪೋಲಿಯ ಕಡೆಯ ‘ಮಾಸ್ಟಿಕೊ’ ಎಂಬ ಸಣ್ಣ ಸರಕು ನೌಕೆ ಇವರ ಕೈಗೆ ಸಿಕ್ಕಿತ್ತು. ಅದಕ್ಕೆ ‘ಇಂಟ್ರೆಪಿಡ್’ ಎಂದು ಹೆಸರಿಟ್ಟರು. ಆ ಕಡಲಿನಲ್ಲಿ ಅಂಥ ನೌಕೆಯನ್ನು ಯಾರೂ ತಿರುಗಿ ನೋಡುವುದಿಲ್ಲ. ಅದೇ ಅದರ ಬಲ. ಚುಕ್ಕಾಣಿ ಹಿಡಿಯಲು ಸಿಸಿಲಿಯ ಸಾಲ್ವಡೋರ್ ಕ್ಯಾಟಲಾನೊ ಬಂದ. ಆ ಬಂದರು ಅವನಿಗೆ ಗೊತ್ತು, ಅಲ್ಲಿನ ಮಾತೂ ಬರುತ್ತದೆ. ನನ್ನ ಲೆಕ್ಕದಲ್ಲಿ ಈ ಕಥೆಯ ನಾಯಕ ಅವನೇ.

ಫೆಬ್ರವರಿ 3ರಂದು ಸಿಸಿಲಿಯ ಸಿರಾಕ್ಯೂಸ್‌ನಿಂದ ಹೊರಟರು. ಜೊತೆಗೆ ‘ಸೈರನ್’ ಎಂಬ ಇನ್ನೊಂದು ನೌಕೆ. ಸಣ್ಣ ನೌಕೆಯೊಳಗೆ 70ಕ್ಕಿಂತ ಹೆಚ್ಚು ಜನ ತುಂಬಿಕೊಂಡಿದ್ದರು. ಅಧಿಕಾರಿಗಳಿಗೆ ಒಂದು ಗೂಡಿನಂಥ ಕೋಣೆ. ಎಳೆಯ ಅಧಿಕಾರಿಗಳು ಮತ್ತು ಕ್ಯಾಟಲಾನೊ ನೀರಿನ ಪೀಪಾಯಿಗಳ ಮೇಲೆ ಹಲಗೆ ಹಾಸಿ ಮಲಗಿದರು. ಎದ್ದು ಕೂತರೆ ತಲೆ ಮೇಲಕ್ಕೆ ತಾಗುತ್ತಿತ್ತು. ಮಾಂಸವನ್ನು ಮೀನಿನ ಹಳೇ ಪೀಪಾಯಿಗಳಿಗೆ ತುಂಬಿದ್ದರು, ಅದು ಕೊಳೆಯಿತು. ಕ್ರಿಮಿಕೀಟಗಳ ಕಾಟ ಬೇರೆ.

ನಾಲ್ಕೈದು ದಿನಕ್ಕೇ ಟ್ರಿಪೋಲಿ ಎದುರು ಬಂದರು. ಆದರೆ ಗಾಳಿ ಏರುತ್ತಿತ್ತು. 19 ವರ್ಷದ ಎಳೆಯ ಅಧಿಕಾರಿ ಚಾರ್ಲ್ಸ್ ಮಾರಿಸ್, ಕ್ಯಾಟಲಾನೊ ಜೊತೆ ದೋಣಿಯಲ್ಲಿ ಹೋಗಿ ಬಂದರಿನ ಬಾಯಿ ನೋಡಿದ. ಹುಟ್ಟುಗಳ ಸದ್ದು ಕೇಳದ ಹಾಗೆ ಬಟ್ಟೆ ಸುತ್ತಿದ್ದರು. ಬಂದರಿನ ಬಾಯಿಗೆ ಅಡ್ಡಲಾಗಿ ತೆರೆ ಒಡೆಯುತ್ತಿತ್ತು. ಒಳಗೆ ಹೋದರೆ ಹೊರಗೆ ಬರಲಾಗುವುದಿಲ್ಲ ಎಂದ ಕ್ಯಾಟಲಾನೊ. ಮಾರಿಸ್ ಬಂದು ಅದನ್ನೇ ಹೇಳಿದ. ಹುಡುಗ ಹೆದರಿದ ಎಂದು ಎಲ್ಲರೂ ಅಂದುಕೊಂಡಾರು ಎಂಬ ಸಂಕೋಚ ಅವನಿಗೆ. ಹಾಗಿದ್ದೂ ಹೇಳಿದ, ಡಿಕೇಟರ್ ಕೇಳಿದ. ಆಮೇಲೆ ಬಂದ ಬಿರುಗಾಳಿ ದಿನಗಟ್ಟಲೆ ಬಿಡಲಿಲ್ಲ. ಆ ರಾತ್ರಿ ಹಟಕ್ಕೆ ಬಿದ್ದು ನುಗ್ಗಿದ್ದರೆ ಈ ಕಥೆ ಅಲ್ಲೇ ಮುಗಿಯುತ್ತಿತ್ತು. ನಿಜವಾದ ಧೈರ್ಯ ಯಾವುದು ಅಂತ ಕೇಳಿದರೆ ನಾನು ತೋರಿಸುವುದು ಈ ಗಳಿಗೆಯನ್ನೇ.

16ನೇ ತಾರೀಖು ಹವಾ ಹದವಾಯಿತು. ಎಷ್ಟು ಹದವಾಯಿತು ಅಂದರೆ, ಇಂಟ್ರೆಪಿಡ್ ಕತ್ತಲಾಗುವ ಮೊದಲೇ ಬಂದರು ಸೇರಿಬಿಡುವ ಹಾಗಿತ್ತು. ಹಾಯಿ ಇಳಿಸಿದರೆ ದಂಡೆಯವರಿಗೆ ಅನುಮಾನ ಬರುತ್ತದೆ. ಅದಕ್ಕೆ ಏಣಿ, ಮರದ ದಿಮ್ಮಿ, ಬಕೆಟ್ಟು ಏನು ಸಿಕ್ಕಿತೋ ಅದನ್ನೆಲ್ಲ ಹಗ್ಗಕ್ಕೆ ಕಟ್ಟಿ ಹಿಂದೆ ನೀರಿಗೆ ಬಿಟ್ಟರು. ಇಳಿಜಾರಿನಲ್ಲಿ ಬಂಡಿಯನ್ನು ಹಿಂದಿನಿಂದ ಜಗ್ಗಿ ಹಿಡಿದ ಹಾಗೆ. ನೋಡುವವರಿಗೆ ಹಾಯಿ ಪೂರ್ತಿ ಬಿಚ್ಚಿದೆ, ನೌಕೆ ಮಾತ್ರ ಆಮೆನಡಿಗೆ. ಸೈರನ್ನಿನ ದೋಣಿಗಳು ಬಂದು ಕೂಡಿಕೊಳ್ಳಬೇಕಿತ್ತು. ಗಾಳಿ ಬೀಳುವ ಲಕ್ಷಣ ಕಂಡು ಡಿಕೇಟರ್ ಕಾಯಲಿಲ್ಲ.

ರಾತ್ರಿ ಹತ್ತರ ಸುಮಾರು. ಎಳೆಯ ಚಂದ್ರನ ಬೆಳಕು. ಮೇಲೆ ಮಾಲ್ಟಾದ ನಾವಿಕರ ವೇಷದಲ್ಲಿ ಕೆಲವರು, ಉಳಿದವರೆಲ್ಲ ಕೆಳಗೆ ಮಲಗಿದ್ದಾರೆ. ಸುತ್ತ ಕೋಟೆಯಲ್ಲಿ ನೂರಕ್ಕೂ ಹೆಚ್ಚು ಫಿರಂಗಿ. ಫಿಲಡೆಲ್ಫಿಯಾದಿಂದ ಕೂಗಿ ಕೇಳಿದರು, ಯಾರದು, ಏನು? ಕ್ಯಾಟಲಾನೊ ಹೇಳಿದ: ಬಿರುಗಾಳಿಯಲ್ಲಿ ಲಂಗರು ಕಳೆದುಕೊಂಡಿದ್ದೇವೆ, ಬೆಳಗಾಗುವವರೆಗೆ ನಿಮ್ಮ ಹಡಗಿಗೆ ಕಟ್ಟಿಕೊಳ್ಳುತ್ತೇವೆ. ಹೊರಗೆ ಕಾಣುವ ಆ ಇನ್ನೊಂದು ಹಡಗು? ಅದು ‘ಟ್ರಾನ್ಸ್‌ಫರ್’ ಎಂದ. ಪಾಷಾ ಮಾಲ್ಟಾದಲ್ಲಿ ಕೊಂಡು, ಬರಲಿ ಎಂದು ಕಾಯುತ್ತಿದ್ದ ಹಡಗದು! ನಿಜವಾಗಿ ಅಲ್ಲಿ ನಿಂತಿದ್ದದ್ದು ಸೈರನ್.

ಅಷ್ಟರಲ್ಲಿ ಗಾಳಿ ತಿರುಗಿತು. ಇಂಟ್ರೆಪಿಡ್ ಫಿರಂಗಿಗಳ ಬಾಯಿಯ ಎದುರಿಗೇ, ಕೆಲವೇ ಗಜ ದೂರದಲ್ಲಿ, ಸ್ತಬ್ಧವಾಗಿ ನಿಂತುಬಿಟ್ಟಿತು. ಗಡಿಬಿಡಿ ಮಾಡಿದ್ದರೆ ಅಲ್ಲೇ ಸಾವು. ಅವರು ಸಾವಕಾಶವಾಗಿ ಒಂದು ದೋಣಿ ಇಳಿಸಿ ಹಗ್ಗ ಕಟ್ಟಲು ಹೋದರು. ಪಾಪ, ಟ್ರಿಪೋಲಿಯವರೂ ಸಹಾಯಕ್ಕೆ ಅಂತ ಒಂದು ದೋಣಿಯಲ್ಲಿ ಹಗ್ಗ ತಂದರು. ಅದನ್ನೂ ತೆಗೆದುಕೊಂಡರು. ಕೆಳಗೆ ಮಲಗಿದ್ದವರು ಮಲಗಿದಲ್ಲೇ ಹಗ್ಗ ಎಳೆದರು.

ಹಡಗು ತಾಗುವ ಹೊತ್ತಿಗೆ ಯಾರಿಗೋ ಗೊತ್ತಾಯಿತು. ‘ಅಮೆರಿಕಾನೋ!’ ಎಂಬ ಕೂಗೆದ್ದಿತು. ಮೊದಲು ಜಿಗಿದವನು ಅದೇ ಮಾರಿಸ್, ಹೆದರಿದ ಎನ್ನುತ್ತಾರೇನೋ ಎಂದು ಸಂಕೋಚಪಟ್ಟ ಹುಡುಗ. ಬೆನ್ನಿಗೇ ಡಿಕೇಟರ್. ಬಂದೂಕು ಹಾರಿಸಬಾರದು, ಕತ್ತಿ ಮಾತ್ರ ಎಂದು ಅಪ್ಪಣೆಯಾಗಿತ್ತು. ಸದ್ದಾದರೆ ಕೋಟೆ ಎಚ್ಚರವಾಗುತ್ತದಲ್ಲ. ಸುಮಾರು 20 ಟ್ರಿಪೋಲಿಯವರು ಸತ್ತರು, ಉಳಿದವರು ನೀರಿಗೆ ಹಾರಿದರು. ಇವರಲ್ಲಿ ಒಬ್ಬನಿಗೆ ಸಣ್ಣ ಗಾಯ. ಬೆಂಕಿ ಎಷ್ಟು ಬೇಗ ಹತ್ತಿತೆಂದರೆ ಇಟ್ಟವರೇ ಸುಟ್ಟುಹೋಗುವುದರಲ್ಲಿದ್ದರು. ಡಿಕೇಟರ್ ಕೊನೆಯವನಾಗಿ ಇಂಟ್ರೆಪಿಡ್‌ಗೆ ಹಾರಿದ. ಕಟ್ಟಿದ ಹಗ್ಗವನ್ನು ಕತ್ತಿಯಲ್ಲಿ ಕಡಿದು, ಹುಟ್ಟು ಹಾಕಿ ದೂರ ಸರಿದರು. ಫಿಲಡೆಲ್ಫಿಯಾದ ತುಂಬಿದ ಫಿರಂಗಿಗಳು ಕಾವಿಗೆ ತಾವಾಗಿ ಸಿಡಿಯತೊಡಗಿದವು. ಕೆಲವು ಗುಂಡು ಊರ ಕಡೆಗೇ ಹೋದವು. ಲಂಗರಿನ ಹಗ್ಗ ಸುಟ್ಟು ಹಡಗು ಕೋಟೆಯ ಕಡೆಗೆ ತೇಲಿ ಹೋಗಿ ಸ್ಫೋಟಿಸಿತು.

ಇಂಗ್ಲೆಂಡಿನ ಹೆಸರಾಂತ ನೌಕಾ ಸೇನಾನಿ ನೆಲ್ಸನ್ ಇದನ್ನು ಆ ಕಾಲದ ಅತ್ಯಂತ ದಿಟ್ಟ ಕೆಲಸ ಎಂದು ಹೊಗಳಿದನೆಂದು ಹೇಳುತ್ತಾರೆ. ಆದರೆ ಅದಕ್ಕೆ ಆಗಿನ ಕಾಗದಪತ್ರದ ಆಧಾರ ಸಿಕ್ಕಿಲ್ಲ. ಡಿಕೇಟರ್‌ಗಂತೂ ಕ್ಯಾಪ್ಟನ್ ಪದವಿ ಸಿಕ್ಕಿತು.

ಆದರೆ ಸೆರೆಯಲ್ಲಿದ್ದ ಜನರ ಗತಿ? ಈ ಭಾಗವನ್ನು ಹೊಗಳಿಕೆಯ ಭರದಲ್ಲಿ ಬಿಟ್ಟುಬಿಡುತ್ತಾರೆ. ಹಡಗು ಸುಟ್ಟ ಮೇಲೆ ಅವರ ಮೇಲೆ ಕಾವಲು ಇನ್ನೂ ಬಿಗಿಯಾಯಿತು. ಸೆಪ್ಟೆಂಬರ್‌ನಲ್ಲಿ ಇದೇ ಇಂಟ್ರೆಪಿಡ್‌ಗೆ ಮದ್ದು ತುಂಬಿ ಬಂದರಿನೊಳಗೆ ಕಳಿಸಿದರು. ಗುರಿ ಮುಟ್ಟುವ ಮೊದಲೇ ಸಿಡಿದು ಅದರಲ್ಲಿದ್ದ 13 ಜನರೂ ಸತ್ತರು. ಅದನ್ನು ನಡೆಸುತ್ತಿದ್ದ ರಿಚರ್ಡ್ ಸಾಮರ್ಸ್ ಡಿಕೇಟರ್‌ನ ಬಾಲ್ಯದ ಗೆಳೆಯ. ಕೊನೆಗೆ 1805ರ ಜೂನ್‌ನಲ್ಲಿ ಸಂಧಿಯಾಗಿ, 60,000 ಡಾಲರ್ ಕೊಟ್ಟು ಸೆರೆಯವರನ್ನು ಬಿಡಿಸಿಕೊಂಡರು. ಕಪ್ಪ ಕೊಡುವುದಿಲ್ಲ ಅಂತ ಶುರುವಾದ ಯುದ್ಧ ಹಣ ಕೊಟ್ಟೇ ಮುಗಿಯಿತು ನೋಡಿ.

ಬೇನ್‌ಬ್ರಿಜ್ ಮೇಲೆ ವಿಚಾರಣೆ ನಡೆದು, ಅವನ ತಪ್ಪಿಲ್ಲ ಎಂದಾಯಿತು. 1812ರ ಡಿಸೆಂಬರ್‌ನಲ್ಲಿ, ಅಮೆರಿಕಕ್ಕೂ ಬ್ರಿಟನ್ನಿಗೂ ಯುದ್ಧ ನಡೆಯುತ್ತಿದ್ದಾಗ, ಕಾನ್ಸ್ಟಿಟ್ಯೂಷನ್ ಹಡಗು ಅವನ ಕೈಯಲ್ಲಿತ್ತು. ಬ್ರೆಜಿಲ್ ತೀರದಾಚೆ ಬ್ರಿಟಿಷರ ‘ಜಾವಾ’ ಎದುರಾಯಿತು. ನಮ್ಮ ಬೊಂಬಾಯಿಗೆ ಅಧಿಕಾರಿಗಳನ್ನೂ ಸಾಮಾನನ್ನೂ ಹೊತ್ತು ಹೊರಟಿದ್ದ ಹಡಗದು. ಬೇನ್‌ಬ್ರಿಜ್ ಅದನ್ನು ಗೆದ್ದ. ಆದರೆ ಊರಿಗೆ ಒಯ್ಯಲಾಗದಷ್ಟು ಅದು ಜಖಂ ಆಗಿತ್ತು. ಜನರನ್ನು ಇಳಿಸಿಕೊಂಡು ಅದಕ್ಕೂ ಬೆಂಕಿ ಇಡಿಸಿದ.

ನಮಸ್ಕಾರ.