ಬಣ್ಣ ತೆಗೆದು ನೋಡಿದ ಚಿತ್ರದುರ್ಗ

ಚಿತ್ರದುರ್ಗದ ಏಳು ಸುತ್ತಿನ ಕೋಟೆಗೆ ಬಂದಿದ್ದೇನೆ. ವಿಡಿಯೋದಲ್ಲಿ ಬಣ್ಣ ಇಲ್ಲ, ಬೇಕಂತಲೇ ತೆಗೆದಿದ್ದೇನೆ. ಹಳೇ ಕಾಲದ ಫೀಲ್ ಬರಲಿ ಅಂತಲ್ಲ, ಆ ಚಾಳಿ ನನಗೆ ಹಿಡಿಸಲ್ಲ. ಈ ಬಂಡೆ ನೋಡಿ. ಬಣ್ಣ ಇದ್ದಾಗ ನೀಲಿ ಆಕಾಶ, ಯಾರದೋ ಕೆಂಪು ದುಪಟ್ಟಾ ಮೇಲೇ ಕಣ್ಣು ಹೋಗುತ್ತದೆ. ಈಗ ಓರೆ ಬಿಸಿಲಿಗೆ ಕಲ್ಲಿನ ಉಬ್ಬು ತಗ್ಗೆಲ್ಲ ಎದ್ದು ಕಾಣುತ್ತಿದೆ ಅಲ್ವಾ?

ಯುರೋಪಿನ ಚಿತ್ರಕಾರರಿಗೆ ಈ ಗುಟ್ಟು ಶತಮಾನಗಳ ಹಿಂದೆಯೇ ಗೊತ್ತಿತ್ತು. ಬರೀ ಬೂದು ಬಣ್ಣದ ಛಾಯೆಗಳಲ್ಲಿ ಬರೆದು, ಕಲ್ಲಿನ ಕೆತ್ತನೆಯೇ ಅನ್ನಿಸುವಂತೆ ಮಾಡುತ್ತಿದ್ದರು. ಅದಕ್ಕೆ ಗ್ರಿಸೈ ಅಂತಾರೆ.

ಚಿತ್ರದಲ್ಲಿ ಒಂದೇ ಬಣ್ಣಕ್ಕೆ ನೂರು ಛಾಯೆ ಇರಬಹುದು. ಬೆಳಕಿನಲ್ಲಿ ಅಷ್ಟು ಸಡಿಲ ಇಲ್ಲ, ಒಂದೇ ಬಣ್ಣದ ಬೆಳಕು ಅನ್ನಬೇಕಾದರೆ ತರಂಗಾಂತರ, ಅಂದರೆ ಬೆಳಕಿನ ಅಲೆಯ ಉದ್ದವೇ ಒಂದಾಗಿರಬೇಕು. ಉಪ್ಪು ಹಾಕಿದ ಸಾರು ಉಕ್ಕಿ ಒಲೆಗೆ ಬಿದ್ದರೆ ಗ್ಯಾಸಿನ ನೀಲಿ ಉರಿ ಹಳದಿ ಆಗುತ್ತದಲ್ಲ, ಅದು ಉಪ್ಪಿನೊಳಗಿನ ಸೋಡಿಯಂ. ಆ ಹಳದಿಯ ತರಂಗಾಂತರ 589.0 ಮತ್ತು 589.6 ನ್ಯಾನೋಮೀಟರ್, ಒಂದಕ್ಕೊಂದು ಅಂಟಿಕೊಂಡ ಎರಡೇ ಗೆರೆ, ಹೆಚ್ಚುಕಮ್ಮಿ ಒಂದೇ. ಕಡಿಮೆ ಒತ್ತಡದ ಸೋಡಿಯಂ ದೀಪದ ಬೆಳಕೂ ಇದೇ. ಅದರ ಕೆಳಗೆ ಸೀರೆ ಅಂಗಡಿ ಇಟ್ಟರೆ ಮುಗೀತು, ಕೆಂಪು ಯಾವುದು ಹಸಿರು ಯಾವುದು ಅಂತ ಹೇಳೋಕೆ ಆಗಲ್ಲ. ಬರೀ ಹಳದಿ, ಮಬ್ಬು ಹಳದಿ, ಕಪ್ಪು.

ನನಗೆ ಜಾಸ್ತಿ ಮಜಾ ಅನ್ನಿಸೋದು ಕಣ್ಣಿನ ಕಥೆ. ಹಗಲಲ್ಲಿ ಬಣ್ಣ ತೋರಿಸೋದು ಕೋನ್ ಅನ್ನುವ ಕೋಶಗಳು. ಅದರಲ್ಲಿ ಮೂರು ಬಗೆ. ಮೂರರ ಸಂದೇಶ ಹೋಲಿಸಿ ನೋಡಿ ಮಿದುಳು ಬಣ್ಣ ತಿಳಿಯುತ್ತದೆ. ಕತ್ತಲಲ್ಲಿ ಕೆಲಸ ಮಾಡೋದು ರಾಡ್ ಕೋಶಗಳು, ಅದರಲ್ಲಿ ಒಂದೇ ಬಗೆ. ಹೋಲಿಸೋಕೆ ಇನ್ನೊಂದಿಲ್ಲ. ಬೆಳಕು ಎಷ್ಟು ಅಂತ ಗೊತ್ತಾಗುತ್ತದೆ, ಎಂಥದ್ದು ಅಂತ ಗೊತ್ತಾಗಲ್ಲ. ಅದೂ ಅಲ್ದೆ, ಕೆಂಪು ಬೆಳಕು ರಾಡ್‌ಗಳಿಗೆ ತಟ್ಟುವುದೇ ಇಲ್ಲ ಅನ್ನುವಷ್ಟು ಕಮ್ಮಿ. ಮುಸ್ಸಂಜೆ ಮನೆ ಮುಂದಿನ ಕೆಂಪು ದಾಸವಾಳದ ಗಿಡ ನೋಡಿ. ಹೂವು ಮೊದಲು ಕಪ್ಪಾಗುತ್ತದೆ, ಎಲೆ ಇನ್ನೂ ಕಾಣುತ್ತಿರುತ್ತದೆ.

ಸುಮಾರು 30,000 ಜನರಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಕೋನ್‌ಗಳು ಕೆಲಸ ಮಾಡಲ್ಲ. ಅವರಿಗೆ ಹಗಲಲ್ಲೂ ರಾಡ್‌ಗಳೇ ಗತಿ. ಬಣ್ಣ ಕಾಣಲ್ಲ ಅನ್ನೋದಕ್ಕಿಂತ ಅವರನ್ನು ಕಾಡೋದು ಬಿಸಿಲು. ಈ ಬಂಡೆಗಳ ನಡುವೆ ಮಧ್ಯಾಹ್ನ ಕಣ್ಣು ಬಿಡೋಕೂ ಕಷ್ಟ. ಕೆಲವರು ಕಡು ಕೆಂಪು ಗಾಜಿನ ಕನ್ನಡಕ ಹಾಕುತ್ತಾರೆ. ರಾಡ್‌ಗಳಿಗೆ ಕೆಂಪು ತಟ್ಟಲ್ಲ ಅಂದೆನಲ್ಲ, ಅದಕ್ಕೇ. ಅಂಥವರು ನಿಮ್ಮ ಜೊತೆಗಿದ್ದರೆ ಕೋಟೆಗೆ ಬೆಳಗ್ಗೆ ಬೇಗ ಬನ್ನಿ.