ಡಿಸೆಂಬರ್ 31ರ ಗಡುವು

ಸ್ನೇಹಿತರೇ, ಬ್ರಿಟಿಷ್ ಆಳ್ವಿಕೆಯ ವಿರುದ್ಧ ಅಮೆರಿಕದ ವಸಾಹತುಗಳು ಎದ್ದು ನಿಂತ ಅಮೆರಿಕದ ಕ್ರಾಂತಿಯ ಹಿನ್ನೆಲೆ ನಿಮಗೆಲ್ಲ ತಿಳಿದದ್ದೇ. ಪೀಠಿಕೆ ಬೇಡ, ನೇರವಾಗಿ ಅಮೆರಿಕನ್ ಸೇನೆಯ ಜನರಲ್ ರಿಚರ್ಡ್ ಮಾಂಟ್ಗೊಮರಿಯ ವಿಷಯಕ್ಕೆ ಬರುತ್ತೇನೆ. ಹಿಮದ ಬಿರುಗಾಳಿಯಲ್ಲಿ, ಬೆಳಕು ಹರಿಯುವ ಮುನ್ನ ಬ್ರಿಟಿಷರ ವಶದಲ್ಲಿದ್ದ ಕೆನಡಾದ ಕ್ವಿಬೆಕ್ ನಗರದ ಮೇಲೆ ಏರಿಹೋಗಿ ಸತ್ತವನನ್ನು ದುಡುಕಿನವನು ಎಂದುಬಿಡುವುದು ಸುಲಭ. ನಾನು ಅದನ್ನು ಒಪ್ಪುವುದಿಲ್ಲ. ಅವನನ್ನು ಅಲ್ಲಿಗೆ ನೂಕಿದ್ದು ಸೈನಿಕರ ಸೇವಾವಧಿಯ ಗಡುವು.

ಈತ ಹುಟ್ಟಿದ್ದು 1738ರಲ್ಲಿ, ಡಬ್ಲಿನ್ ಬಳಿಯ ಸ್ವೋರ್ಡ್ಸ್‌ನಲ್ಲಿ. ಬ್ರಿಟಿಷ್ ಸೈನ್ಯ ಸೇರಿ ಫ್ರೆಂಚರ ವಿರುದ್ಧ ಕೆನಡಾದ ಲೂಯಿಬರ್ಗ್‌ನಲ್ಲಿ, ಮಾಂಟ್ರಿಯಲ್‌ನಲ್ಲಿ ಹೋರಾಡಿದ. 1772ರಲ್ಲಿ ಅಧಿಕಾರಿ ಹುದ್ದೆಯನ್ನು ಮಾರಿ ನ್ಯೂಯಾರ್ಕಿಗೆ ಬಂದ. ಆ ಕಾಲದಲ್ಲಿ ಹುದ್ದೆಗಳನ್ನು ಕೊಳ್ಳುತ್ತಿದ್ದರು, ಮಾರುತ್ತಿದ್ದರು! ಮರುವರ್ಷ ಜಾನೆಟ್ ಲಿವಿಂಗ್‌ಸ್ಟನ್‌ಳನ್ನು ಮದುವೆಯಾಗಿ ಹಡ್ಸನ್ ನದಿಯ ಸೀಮೆಯಲ್ಲಿ ಬೇಸಾಯಕ್ಕೆ ನಿಂತ. ಎರಡೇ ವರ್ಷದ ಸಂಸಾರ. 1775ರಲ್ಲಿ ವಸಾಹತುಗಳ ಪ್ರತಿನಿಧಿ ಸಭೆಯಾದ ಕಾಂಗ್ರೆಸ್ ಅವನನ್ನು ಬ್ರಿಗೇಡಿಯರ್ ಜನರಲ್ ಮಾಡಿ ಕೆನಡಾದ ಕಡೆಗೆ ಕಳಿಸಿತು.

ಮಾಂಟ್ರಿಯಲ್ ದಾರಿಯಲ್ಲಿ ಬ್ರಿಟಿಷರ ಸೇಂಟ್ ಜಾನ್ಸ್ ಕೋಟೆಯ ಮುತ್ತಿಗೆಯೊಂದೇ ಸೆಪ್ಟೆಂಬರ್ ನಡುವಿನಿಂದ ನವೆಂಬರ್ 3ರವರೆಗೆ ನಡೆಯಿತು. ನವೆಂಬರ್ 13ಕ್ಕೆ ಮಾಂಟ್ರಿಯಲ್ ಕೈವಶವಾಯಿತು. ಗೆದ್ದ ಸೈನ್ಯ ಅಲ್ಲಿಂದಲೇ ಕರಗತೊಡಗಿತು. ಅವಧಿ ಮುಗಿದವರು ಮನೆಯ ದಾರಿ ಹಿಡಿದರು. ಉಳಿದವರಲ್ಲಿ ಸುಮಾರು ಮುನ್ನೂರು ಜನರೊಂದಿಗೆ ಈತ ಕ್ವಿಬೆಕ್‌ಗೆ ಹೋಗಿ ಅಮೆರಿಕನ್ ಅಧಿಕಾರಿ ಬೆನೆಡಿಕ್ಟ್ ಆರ್ನಾಲ್ಡ್‌ನ ಪಡೆಯನ್ನು ಕೂಡಿಕೊಂಡ. ಆ ಪಡೆಯ ಅನೇಕರ ಅವಧಿಯೂ ವರ್ಷದ ಕೊನೆಗೆ ಮುಗಿಯುತ್ತಿತ್ತು. ಜನವರಿ 1ರ ಬೆಳಿಗ್ಗೆ ಅವರನ್ನು ತಡೆಯಲು ಯಾವ ಹಕ್ಕಿತ್ತು, ಹೇಳಿ? ಹಾಗಾಗಿಯೇ ಡಿಸೆಂಬರ್ 31. ಮುಂದಾಳಾಗಿ ನಡೆದವನು ಬ್ರಿಟಿಷರ ಫಿರಂಗಿಯ ಮೊದಲ ಹೊಡೆತಕ್ಕೇ ಬಿದ್ದ. ವಯಸ್ಸು 37. ಆರ್ನಾಲ್ಡ್‌ನ ಕಾಲಿಗೆ ಗುಂಡು ತಗುಲಿತು, ಅವನ ಪಡೆಯ ಡೇನಿಯಲ್ ಮಾರ್ಗನ್ ಸೆರೆಯಾದ.

ಜಾನೆಟ್‌ಳ ವಿಷಯ ಹೇಳದೆ ನನಗೆ ಮುಂದೆ ಹೋಗಲಾಗುವುದಿಲ್ಲ. ಆಕೆ ಮತ್ತೆ ಮದುವೆಯಾಗಲಿಲ್ಲ. ಹಡ್ಸನ್ ದಂಡೆಯಲ್ಲಿ ದೊಡ್ಡ ಮನೆ ಕಟ್ಟಿಸಿಕೊಂಡು ಜಮೀನು ನೋಡಿಕೊಂಡಳು. 1818ರಲ್ಲಿ ನ್ಯೂಯಾರ್ಕ್ ಸರ್ಕಾರ ಮಾಂಟ್ಗೊಮರಿಯ ಅವಶೇಷಗಳನ್ನು ಕ್ವಿಬೆಕ್‌ನಿಂದ ತರಿಸಿತು. ಅವನ್ನು ಹೊತ್ತ ಉಗಿದೋಣಿ ನದಿಯಲ್ಲಿ ಬರುವ ಹೊತ್ತಿಗೆ ಆಕೆ ಮನೆಯ ಜಗಲಿಯಲ್ಲಿ ಒಬ್ಬಳೇ ಇರಬೇಕೆಂದು ಉಳಿದವರನ್ನು ದೂರ ಕಳಿಸಿದಳು. ದೋಣಿ ಮನೆಯ ಎದುರು ನಿಂತಿತು. ಶೋಕವಾದ್ಯ ನುಡಿಸಿದರು, ಗೌರವದ ಗುಂಡು ಹಾರಿಸಿದರು. ಆಮೇಲೆ ಹೋಗಿ ನೋಡಿದರೆ ಆಕೆ ಎಚ್ಚರ ತಪ್ಪಿ ಬಿದ್ದಿದ್ದಳು. ಎರಡೂವರೆ ವರ್ಷ ಕೂಡ ತುಂಬಿ ಬಾಳದ ದಾಂಪತ್ಯಕ್ಕೆ ನಾಲ್ಕು ದಶಕ ದಾಟಿದ ವೈಧವ್ಯ. ಯುದ್ಧದ ನಕ್ಷೆಗಳಲ್ಲಿ ಬಾಣದ ಗುರುತು ಹಾಕುವವರು ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ.

ಸಮಯ ಮುಗಿಯುತ್ತಿದೆ ಎಂದು ಸಂಘಟಕರು ಸನ್ನೆ ಮಾಡುತ್ತಿದ್ದಾರೆ. ಕ್ವಿಬೆಕ್‌ನ ಬ್ರಿಟಿಷ್ ಗವರ್ನರ್ ಕಾರ್ಲ್ಟನ್ ಶತ್ರುವಾಗಿದ್ದೂ ಮಾಂಟ್ಗೊಮರಿಯನ್ನು ಗೌರವದಿಂದ ಹೂಳಿಸಿದ್ದು, ಲಂಡನ್ನಿನ ಸಂಸತ್ತಿನಲ್ಲೇ ಎಡ್ಮಂಡ್ ಬರ್ಕ್ ಅವನನ್ನು ಹೊಗಳಿದ್ದು, ನ್ಯೂಯಾರ್ಕಿನ ಸೇಂಟ್ ಪಾಲ್ಸ್ ಪ್ರಾರ್ಥನಾಲಯದ ಸ್ಮಾರಕ, ಇವನ್ನೆಲ್ಲ ಹೆಸರಿಸಿ ಬಿಡುತ್ತೇನೆ. ಗಡುವಿನ ಮಾತು ನನ್ನೊಬ್ಬನದಲ್ಲ ಎಂಬುದನ್ನು ಮಾತ್ರ ಹೇಳಲೇಬೇಕು. 1776ರ ಫೆಬ್ರವರಿಯಲ್ಲಿ ಅಮೆರಿಕನ್ ಸೇನೆಯ ದಂಡನಾಯಕ ವಾಷಿಂಗ್ಟನ್ ಕಾಂಗ್ರೆಸ್ಸಿಗೆ ಬರೆದ ಪತ್ರದಲ್ಲಿ, ಅಲ್ಪಾವಧಿಯ ನೇಮಕವೇ ಮಾಂಟ್ಗೊಮರಿಯನ್ನು ಬಲಿ ತೆಗೆದುಕೊಂಡಿತು ಎಂದು ಸ್ಪಷ್ಟವಾಗಿ ಹೇಳಿದ. ಆ ವರ್ಷದ ಸೆಪ್ಟೆಂಬರಿನಲ್ಲಿ ಕಾಂಗ್ರೆಸ್ ಕೊನೆಗೂ ಯುದ್ಧ ಮುಗಿಯುವವರೆಗೆ ಸೇವೆ ಸಲ್ಲಿಸುವ 88 ಬೆಟಾಲಿಯನ್‌ಗಳನ್ನು ಕಟ್ಟಲು ಒಪ್ಪಿತು. ಪ್ರಶ್ನೆಗಳಿದ್ದರೆ ದಯವಿಟ್ಟು ಕೇಳಿ.